‘ಹಿಂದಿನ ಸೀಸನ್ನೇ ಚಲೋ ಇತ್ತು’ ಎಂದರೆ ವರದಿಯಲ್ಲಿ ಏನು ಬರೆಯಬೇಕು

ಪತ್ತೇದಾರಿ ಧಾರಾವಾಹಿಯ ಹೊಸ ಸೀಸನ್ ಪ್ರಸಾರವಾಗುವ ಮೊದಲು ಕಾರವಾರ, ಕುಮಟಾ, ಶಿರಸಿಯಲ್ಲಿ ಹನ್ನೆರಡು ಹನ್ನೆರಡು ಜನರಿಗೆ ತೋರಿಸುವುದು, ಅವರು ಹೇಳಿದ್ದನ್ನು ಸಂಕಲನದವರಿಗೆ ಮುಟ್ಟಿಸುವುದು ನಮ್ಮ ಕೆಲಸ. ಕಂತು ಮುಗಿದ ಮೇಲೆ ‘ಹೇಗನಿಸಿತು?’ ಎಂದು ಕೇಳಿದರೆ ಹೆಚ್ಚಿನ ಕಡೆ ಬರುವ ಉತ್ತರ, ‘ಹಿಂದಿನ ಸೀಸನ್ನೇ ಚಲೋ ಇತ್ತು.’ ಇದನ್ನು ಹಾಗೇ ಬರೆದು ಕಳಿಸಿದರೆ ಸಂಕಲನಕಾರರಿಗೆ ಏನೂ ಸಿಕ್ಕುವುದಿಲ್ಲ. ಅವರಿಗೆ ಬೇಕಾದ್ದು ಅನುಮಾನದ ಲೆಕ್ಕ: ಯಾವ ನಿಮಿಷದಲ್ಲಿ ಯಾರ ಮೇಲೆ ಇತ್ತು, ಏನು ಕಂಡ ಮೇಲೆ ಹೊರಳಿತು.

ಈ ಲೆಕ್ಕ ಕಂತು ನಡೆಯುವಾಗಲೇ ಹಿಡಿಯಬೇಕು. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಕೇಳಿದರೆ ‘ನಂಗೆ ಮೊದಲೇ ಗೊತ್ತಿತ್ತು’ ಎಂದೇ ಎಲ್ಲರೂ ಹೇಳುತ್ತಾರೆ, ಪ್ರಾಮಾಣಿಕವಾಗಿಯೇ ಹೇಳುತ್ತಾರೆ. 45 ನಿಮಿಷದ ಕಂತಾದರೆ 12, 25 ಮತ್ತು 38ನೇ ನಿಮಿಷಕ್ಕೆ ನಿಲ್ಲಿಸಿ, ಎರಡೆರಡು ನಿಮಿಷ ಕೊಡಿ. ಚೀಟಿಯಲ್ಲಿ ಮೂರೇ ಸಾಲು ಸಾಕು: ಯಾರ ಮೇಲೆ ಅನುಮಾನ, ಯಾವುದನ್ನು ನೋಡಿ, ಎಷ್ಟು ಗಟ್ಟಿ (1ರಿಂದ 5). ಚೀಟಿ ಕೈಗೆ ಬರುವ ತನಕ ಚರ್ಚೆ ಬೇಡ. ಮನೆಯ ಹಿರಿಯರು ‘ಡಾಕ್ಟರನೇ ಮಾಡಿದ್ದು’ ಎಂದುಬಿಟ್ಟರೆ ಸೊಸೆ, ಮೊಮ್ಮಗ, ಎಲ್ಲರ ಚೀಟಿಯಲ್ಲೂ ಡಾಕ್ಟರನೇ ಇರುತ್ತಾನೆ. ಒಂದೇ ಮನೆಯವರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿ. ಹಿಂದಿನ ಸೀಸನ್ ನೋಡಿದವರಿಗೂ ನೋಡದವರಿಗೂ ಬೇರೆ ಬಣ್ಣದ ಚೀಟಿ ಕೊಡಿ. ಎರಡೂ ಬೆರೆತರೆ ಹಳೆಯ ಪಾತ್ರದ ಮೇಲಿನ ಪ್ರೀತಿ ಯಾವುದು, ಹೊಸ ಕಥೆಯ ದೋಷ ಯಾವುದು ಎಂದು ಬಿಡಿಸಲಾಗದು.

12ನೇ ನಿಮಿಷಕ್ಕೇ ಎಂಟು ಜನ ನಿಜವಾದ ಅಪರಾಧಿಯ ಹೆಸರು ಬರೆದು 4 ಅಥವಾ 5 ಕೊಟ್ಟಿದ್ದರೆ ಸುಳಿವು ಅತಿಯಾಗಿದೆ. ತಪ್ಪು ಸಾಮಾನ್ಯವಾಗಿ ಕಥೆಯದ್ದಲ್ಲ, ಹಿನ್ನೆಲೆ ಸಂಗೀತದ್ದು. ಇಲ್ಲವೇ ಕ್ಯಾಮೆರಾ ಆ ಮುಖದ ಮೇಲೆ ಎರಡು ಸೆಕೆಂಡು ಹೆಚ್ಚು ನಿಂತಿರುತ್ತದೆ. 38ಕ್ಕೂ ಯಾರೂ ಅವನ ಹೆಸರು ಬರೆಯದಿದ್ದರೆ ಖುಷಿಪಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ‘ಇವನನ್ನು ಮೊದಲು ಎಲ್ಲಿ ನೋಡಿದ್ದಿರಿ?’ ನೆನಪಿದ್ದೂ ಅನುಮಾನ ಬರಲಿಲ್ಲ ಎಂದರೆ ಕಂತು ಗೆದ್ದಿದೆ. ನೆನಪೇ ಇಲ್ಲ ಎಂದರೆ ನೋಡುಗರಿಗೆ ಮೋಸವಾಗಿದೆ. ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಬರೆದ ಹತ್ತು ನಿಯಮಗಳಲ್ಲಿ ಮೊದಲನೆಯದೇ ಇದು: ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ಆ ನಿಯಮ ಓದದವರೂ ಅದು ಮುರಿದದ್ದನ್ನು ಕೂಡಲೇ ಗುರುತಿಸುತ್ತಾರೆ.

‘ಒಂದು ತಾಸು ಕೂತರೂ ಏನೂ ಆಗ್ಲಿಲ್ಲ’ ಎಂಬ ದೂರು ಬೇರೆ ಜಾತಿಯದು. 1993ರಲ್ಲಿ ದೂರದರ್ಶನದಲ್ಲಿ ‘ಬ್ಯೋಮಕೇಶ್ ಬಕ್ಷಿ’ ಎಂಬ ಪತ್ತೇದಾರಿ ಧಾರಾವಾಹಿ ನೋಡಿ ಬೆಳೆದವರಿಗೆ ಪ್ರಕರಣ ಬೇಗ ಬಗೆಹರಿದು ರೂಢಿ. ಎಂಟು ಕಂತಿಗೆ ಒಂದೇ ಕೊಲೆ ಎಳೆಯುವ ಸೀಸನ್ನಿನ ಮೊದಲ ಕಂತನ್ನು ಅವರೆದುರು ಒಂಟಿಯಾಗಿ ತೀರ್ಪಿಗೆ ಇಡಬೇಡಿ. ಮೂರು ಕಂತು ತೋರಿಸಿ ಕೇಳಿ.

ಶಿರಸಿಯ ಹಳ್ಳಿಗಳಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಜೆ ಜನ ಸಿಗುವುದು ಕಷ್ಟ. ಆದರೆ ಮನೆಗೇ ಹೋಗಿ ತೋರಿಸಿದರೆ ಊರಿನವರು ನಿಜಕ್ಕೂ ಟಿವಿ ನೋಡುವ ರೀತಿ ಕಾಣುತ್ತದೆ: ಅಡಿಕೆ ಸುಲಿಯುವಾಗ ಕಣ್ಣು ಕತ್ತಿಯ ಮೇಲೆ, ಕಿವಿ ಟಿವಿಯ ಕಡೆ. ಬರೀ ಚಿತ್ರದಲ್ಲಿ ತೋರಿಸಿದ ಸುಳಿವು, ಉದಾಹರಣೆಗೆ ಕಪಾಟಿನಲ್ಲಿ ಇಲ್ಲದ ಒಂದು ಲೋಟ, ಅಲ್ಲಿ ಯಾರಿಗೂ ದಾಟುವುದಿಲ್ಲ. ಪತ್ತೇದಾರನ ಬಾಯಲ್ಲಿ ಅರ್ಧ ಸಾಲು ಬಂದರೆ ಸಾಕು, ದಾಟುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಯವರು ಮನೆಯಲ್ಲಿ ಸಿಗುವುದು ಆಗಲೇ. ಮಳೆಯೂ ಆಗಲೇ. ತಗಡಿನ ಮಾಡಿನ ಕೆಳಗೆ ಪಿಸುಮಾತಿನ ದೃಶ್ಯ ಕೇಳುವುದಿಲ್ಲ, ಚೀಟಿಯಲ್ಲಿ ಮಾತ್ರ ‘ಕಥೆ ಅರ್ಥ ಆಗ್ಲಿಲ್ಲ’ ಎಂದು ಬರುತ್ತದೆ. ಶುರುವಿಗೆ ಮುನ್ನ ಒಂದು ನಿಮಿಷದ ಸಂಭಾಷಣೆ ಹಾಕಿ, ಹಿಂದಿನ ಸಾಲಿನವರಿಂದ ಅದನ್ನು ವಾಪಸ್ ಹೇಳಿಸಿ.

ಮಾತನ್ನು ಅವರದೇ ಪದದಲ್ಲಿ ಬರೆಯಿರಿ. ಶಿರಸಿಯ ಹವ್ಯಕರು ‘ಅಡ್ಡಿಲ್ಲೆ’ ಎಂದರೆ ಅದು ಮೆಚ್ಚುಗೆ. ಬೆಂಗಳೂರಿಗೆ ಹೋಗುವ ವರದಿಯಲ್ಲಿ ಅದು ‘ಸಾಧಾರಣ’ ಎಂದಾದರೆ ಒಳ್ಳೆಯ ಕಂತೊಂದಕ್ಕೆ ಅನ್ಯಾಯ. ಕಾರವಾರದಲ್ಲಿ ಕೊಂಕಣಿಯಲ್ಲಿ ಹೇಳಿದ್ದನ್ನು ಕೊಂಕಣಿಯಲ್ಲೇ ಬರೆದು, ಕೆಳಗೆ ಅರ್ಥ ಕೊಡಿ.

ಹೇಳಿದ್ದನ್ನು ಹಾಗೇ ಬರೆಯುವುದು ಎಷ್ಟು ಮುಖ್ಯವೆಂದು ನೀರಿನ ದೃಶ್ಯಗಳಲ್ಲಿ ಗೊತ್ತಾಗುತ್ತದೆ. ಕಥೆಯಲ್ಲಿ ರಾತ್ರಿ ಹತ್ತಕ್ಕೆ ತುಂಬು ಭರತದಲ್ಲಿ (ಕಡಲು ಉಕ್ಕಿದಾಗ) ದೋಣಿ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟುತ್ತದೆ ಎನ್ನೋಣ. ‘ಒಂದು ವಾರದ ನಂತರ’ ಅದೇ ಹತ್ತು ಗಂಟೆಗೆ, ಅಷ್ಟೇ ನೀರಿನಲ್ಲಿ ಪತ್ತೇದಾರ ಮತ್ತೆ ದಾಟಿ ನೋಡಿ ಪ್ರಕರಣ ಬಿಡಿಸುತ್ತಾನೆ. ಮೀನುಗಾರರ ಊರುಗಳಾದ ಬೈತಖೋಲದವರಾಗಲಿ ತದಡಿಯವರಾಗಲಿ ಅಲ್ಲೇ ತಲೆ ಅಲ್ಲಾಡಿಸುತ್ತಾರೆ: ‘ಅಷ್ಟೊತ್ತಿಗೆ ಅಲ್ಲಿ ನೀರೇ ಇರುದಿಲ್ಲ.’ ಅವರ ಲೆಕ್ಕ ಸರಿ. ಎರಡು ಭರತಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಅದು ಆರು ತಾಸಿನ ಹತ್ತಿರ, ಹಾಗಾಗಿ ಹತ್ತು ಗಂಟೆಗೆ ಇಳಿತ. ಇದನ್ನು ‘ಕಥೆ ನಂಬುವ ಹಾಗಿಲ್ಲ’ ಎಂದು ಬರೆದುಕೊಂಡರೆ ಇಡೀ ಕಂತೇ ಕೆಟ್ಟಿದೆ ಎಂದು ಬರಹಗಾರರು ತಿಳಿಯುತ್ತಾರೆ. ಇದ್ದ ಹಾಗೇ ಬರೆದರೆ ರಿಪೇರಿ ಒಂದೇ ಪದದ್ದು: ‘ಒಂದು ವಾರ’ ಇದ್ದಲ್ಲಿ ‘ಹದಿನೈದು ದಿನ’. ಅಷ್ಟರಲ್ಲಿ ಭರತ ಒಂದು ಸುತ್ತು ಮುಗಿಸಿ ಮತ್ತೆ ಹತ್ತರ ಹೊತ್ತಿಗೇ ಬಂದಿರುತ್ತದೆ. ಮಾತಾಡುವವನ ಬೆನ್ನು ಕ್ಯಾಮೆರಾದ ಕಡೆಗಿದ್ದರೆ ತುಟಿ ಕಾಣುವುದಿಲ್ಲ. ಡಬ್ಬಿಂಗಿನಲ್ಲಿ ಆ ಪದವನ್ನಷ್ಟೇ ಬದಲಿಸಬಹುದು, ಮರುಚಿತ್ರೀಕರಣ ಬೇಕಿಲ್ಲ.