ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ

"ಮೊದಲು ಪುಸ್ತಕ ತೆಗಿ" ಅಂದರು ಅಪ್ಪ.

ಕುದುರೆಮುಖ ದಾಟಿ ಎಸ್.ಕೆ. (ಸೌತ್ ಕೆನರಾ) ಬಾರ್ಡರ್ ಕಡೆಗೆ ಹೋಗುವ ಕಾಡಿನ ರಸ್ತೆ ಅದು. ಬೆಳಿಗ್ಗೆ ಹನ್ನೊಂದರ ಹೊತ್ತು. ತಿರುವಿನಲ್ಲಿ ಎದುರಿಗೆ ಬಸ್ ಬಂತು. ಜಾಗ ಕೊಡಲು ನಾನು ಕಾರನ್ನು ಎಡಕ್ಕೆ ಎಳೆದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಟಾರಿನ ಅಂಚು ಒಡೆದು ಕತ್ತಿಯ ಹಾಗೆ ಚೂಪಾಗಿತ್ತು. ಮುಂದಿನ ಎಡ ಚಕ್ರ ಧಡ್ ಅಂತ ಅದಕ್ಕೆ ಬಡಿಯಿತು. ನೂರು ಮೀಟರ್ ಹೋಗುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಎದುರಿನ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಚಿತ್ರ, ಅದರೊಳಗೊಂದು ಆಶ್ಚರ್ಯ ಚಿಹ್ನೆ.

ಸ್ವಲ್ಪ ಅಗಲವಾಗಿದ್ದ ಜಾಗ ನೋಡಿ ನಿಲ್ಲಿಸಿದೆ. ಹಿಂದಿನ ದಿನ ಶಿವಮೊಗ್ಗದಿಂದ ಹೊರನಾಡಿಗೆ ಬಂದು ದೇವರ ದರ್ಶನ ಮಾಡಿ ಉಳಿದಿದ್ದೆವು. ಅಲ್ಲಿಂದ ಕಳಸ, ಸಂಸೆ, ಕುದುರೆಮುಖದ ಮೇಲೆ ಉಡುಪಿಗೆ ಹೊರಟಿದ್ದೆವು. ಕಾರಿನಲ್ಲಿ ಅಪ್ಪ, ಅಮ್ಮ, ಹನ್ನೊಂದು ವರ್ಷದ ನನ್ನ ಮಗ. ಅಪ್ಪನಿಗೆ ಎಪ್ಪತ್ತಾರು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಮನೆಗೆ ಯಾವ ಸಾಮಾನು ಬಂದರೂ ಅದರ ಪುಸ್ತಕವನ್ನು ಪೂರ್ತಿ ಓದದೆ ಸ್ವಿಚ್ ಹಾಕಲು ಬಿಟ್ಟವರಲ್ಲ. ಮಿಕ್ಸಿ ಬಂದರೂ ಅಷ್ಟೇ, ಟಿವಿ ಬಂದರೂ ಅಷ್ಟೇ.

ಗ್ಲೋವ್ ಬಾಕ್ಸ್ ತೆಗೆದೆ. ಅಲ್ಲಿ ಪುಸ್ತಕ ಇರಲಿಲ್ಲ. ಮದುವೆ ಕರೆಯೋಲೆಯಷ್ಟು ದಪ್ಪದ ಒಂದು ಕಾರ್ಡ್ ಇತ್ತು. ಅದರ ಮೇಲೊಂದು ಕ್ಯೂಆರ್ ಕೋಡ್. ಪೂರ್ತಿ ಮಾಹಿತಿಗೆ ಸ್ಕ್ಯಾನ್ ಮಾಡಿ ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಸ್ಕ್ಯಾನ್ ಮಾಡಿದೆ. ಫೋನಿನಲ್ಲಿ ಒಂದು ಉಂಗುರ ಸುತ್ತುತ್ತಾ ಇತ್ತು. ಸುತ್ತುತ್ತಲೇ ಇತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆ ಜಾಗದಲ್ಲಿ ನನ್ನ ಫೋನಿಗೂ ಸಿಗ್ನಲ್ ಇಲ್ಲ, ಅಮ್ಮನ ಫೋನಿಗೂ ಇಲ್ಲ.

ಇಳಿದು ನೋಡಿದೆ. ಟೈರ್ ನೆಲಕ್ಕೆ ಅಂಟಿಕೊಂಡಿತ್ತು. ಟೈರಿನ ಬದಿಯಲ್ಲಿ ಎರಡು ಬೆರಳು ಅಗಲದ ಸೀಳು.

ಡಿಕ್ಕಿ ತೆಗೆದು ಬ್ಯಾಗುಗಳನ್ನೆಲ್ಲ ಕೆಳಗಿಳಿಸಿ ತಳದ ಹಲಗೆ ಎತ್ತಿದೆ. ಅಲ್ಲಿ ಸ್ಟೆಪ್ನಿ ಇಲ್ಲ ಅನ್ನುವುದು ಗೊತ್ತಿತ್ತು. ಕಾರು ತೆಗೆದುಕೊಳ್ಳುವಾಗಲೇ ಹೇಳಿದ್ದರು. ಆದರೆ ಗೊತ್ತಿರುವುದು ಬೇರೆ, ಕಾಡಿನ ಮಧ್ಯೆ ಆ ಖಾಲಿ ಜಾಗ ನೋಡುವುದು ಬೇರೆ. ಒಂದು ಪುಟ್ಟ ಕಂಪ್ರೆಸರ್, ಒಂದು ಬಾಟಲಿ ತುಂಬಾ ಅಂಟಿನ ದ್ರಾವಣ, ಇಷ್ಟೇ ಇದ್ದದ್ದು. ಜ್ಯಾಕ್ ಇಲ್ಲ. ಚಕ್ರದ ನಟ್ ಬಿಚ್ಚುವ ಸ್ಪ್ಯಾನರ್ ಇಲ್ಲ. ಸ್ಟೆಪ್ನಿ ತೆಗೆದವರು ಅದರ ಜತೆಗೆ ಅವನ್ನೂ ತೆಗೆದಿದ್ದಾರೆ ಅಂತ ನನಗೆ ತಿಳಿದದ್ದು ಆಗಲೇ.

ಏಳು ತಿಂಗಳ ಹಿಂದೆ ಶೋರೂಮಿನಲ್ಲಿ ಅಪ್ಪ ಎರಡೇ ಪ್ರಶ್ನೆ ಕೇಳಿದ್ದರು. ಸ್ಟೆಪ್ನಿ ಎಲ್ಲಿ, ಪುಸ್ತಕ ಎಲ್ಲಿ? ಅಲ್ಲಿದ್ದ ಹುಡುಗ ತುಂಬಾ ಮರ್ಯಾದೆಯಿಂದಲೇ ಉತ್ತರ ಕೊಟ್ಟಿದ್ದ. ಈಗ ಎಲ್ಲ ಟ್ಯೂಬ್‌ಲೆಸ್ ಟೈರ್ ಸರ್, ಸ್ಟೆಪ್ನಿ ಬೇಕಾಗುವುದೇ ಇಲ್ಲ, ಜಾಗವೂ ಉಳಿಯುತ್ತದೆ, ಭಾರವೂ ಕಡಿಮೆ. ಪುಸ್ತಕ ಆ್ಯಪ್‌ನಲ್ಲಿದೆ, ಪರಿಸರಕ್ಕೂ ಒಳ್ಳೆಯದು. ಅಪ್ಪ ಸುಮ್ಮನೆ ತಲೆಯಾಡಿಸಿದ್ದರು. ಮನೆಗೆ ಬಂದ ಮೇಲೆ "ಹತ್ತು ಲಕ್ಷ ಕೊಟ್ಟಿದ್ದೀವಿ, ನೂರು ರೂಪಾಯಿಯ ಪುಸ್ತಕ ಕೊಡಲಿಕ್ಕೆ ಆಗಲಿಲ್ವಾ?" ಅಂದಿದ್ದರು. ಹೊಸ ಕಾರಿನ ಖುಷಿಯಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅದಕ್ಕಿಂತ ಮುಂಚೆ ಅವರಿಗೊಂದು ಫೋನ್ ತಂದಾಗಲೂ ಹೀಗೇ ಆಗಿತ್ತು. ಡಬ್ಬಿ ಸ್ಲೇಟಿನಷ್ಟು ತೆಳ್ಳಗಿತ್ತು. ಅಪ್ಪ ಅದನ್ನು ಬೋರಲು ಹಾಕಿ ಅಲ್ಲಾಡಿಸಿ ನೋಡಿದರು. ಚಾರ್ಜರ್ ಬೀಳಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಐಫೋನ್ 12 ಬಂದಾಗ ಆ್ಯಪಲ್ ಕಂಪನಿ ಡಬ್ಬಿಯಿಂದ ಚಾರ್ಜರ್, ಇಯರ್‌ಫೋನ್ ಎರಡನ್ನೂ ತೆಗೆಯಿತು. ಪರಿಸರಕ್ಕಾಗಿ ಅಂತ ಹೇಳಿತು. ಮುಂದಿನ ಜನವರಿಯಲ್ಲಿ ಸ್ಯಾಮ್‌ಸಂಗ್ ಕೂಡ ತನ್ನ ದುಬಾರಿ ಫೋನುಗಳಲ್ಲಿ ಅದನ್ನೇ ಮಾಡಿತು. ಬ್ರೆಜಿಲ್‌ನಲ್ಲಿ ಸರ್ಕಾರದವರು ಇದಕ್ಕಾಗಿ ಆ್ಯಪಲ್‌ಗೆ ದಂಡ ಹಾಕಿದರು. ನಾವು ಪಕ್ಕದ ಅಂಗಡಿಗೆ ಹೋಗಿ ಚಾರ್ಜರ್ ಕೊಂಡುಕೊಂಡು ಬಂದೆವು. ಅದಕ್ಕೆ ಇನ್ನೊಂದು ಡಬ್ಬಿ, ಇನ್ನೊಂದು ಪ್ಲಾಸ್ಟಿಕ್ ಹೊದಿಕೆ. ಪರಿಸರಕ್ಕೆ ಏನು ಉಳಿಯಿತು ಅಂತ ಅಪ್ಪ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಫೋನಿಗೆ ಚಾರ್ಜರ್ ಇಲ್ಲದಿದ್ದರೆ ಅಂಗಡಿಗೆ ಹೋಗಬಹುದು. ಕಾಡಿನ ರಸ್ತೆಯಲ್ಲಿ ಸ್ಟೆಪ್ನಿ ಎಲ್ಲಿಂದ ತರುವುದು?

ನಾನು ಆ ಬಾಟಲಿಯನ್ನು ಟೈರಿಗೆ ಸಿಕ್ಕಿಸಲು ಹೊರಟಿದ್ದೆ. ಅಪ್ಪ ತಡೆದರು. ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಇರುವೆ ಗಾತ್ರದ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಟೈರಿನ ನೆಲಕ್ಕೆ ತಾಗುವ ಮೇಲ್ಮೈಯಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ, ಟೈರಿನ ಬದಿ ಸೀಳಿದ್ದರೆ ಬಳಸಬಾರದು ಅಂತ ಅದರಲ್ಲಿತ್ತು. ಒಂದೇ ಸಲ ಬಳಸಬಹುದಾದ ಬಾಟಲಿ ಅದು. ಸುರಿದಿದ್ದರೆ ಅಂಟೆಲ್ಲ ಸೀಳಿನಿಂದ ಹೊರಗೆ ಚೆಲ್ಲಿ ರಸ್ತೆ ಪಾಲಾಗುತ್ತಿತ್ತು. ನಮ್ಮ ಘಾಟಿ ರಸ್ತೆಗಳಲ್ಲಿ ಟೈರ್ ಹಾಳಾಗುವುದು ಮೊಳೆಯಿಂದಲೋ, ಗುಂಡಿ ಮತ್ತು ಕಲ್ಲಿನಿಂದಲೋ? ಈ ಕಿಟ್ ಸಾಕು ಅಂತ ತೀರ್ಮಾನ ಮಾಡಿದವರು ಒಂದು ಸಲ ಈ ದಾರಿಯಲ್ಲಿ ಬಂದು ಹೋಗಬೇಕಿತ್ತು.

ಕಾರಿನ ಜತೆ ತುರ್ತು ಸಹಾಯದ ನಂಬರ್ ಒಂದನ್ನು ಕೊಟ್ಟಿದ್ದರು. ಗಾಜಿನ ಮೇಲೆ ಸ್ಟಿಕರ್ ಅಂಟಿಸಿದ್ದರು. ನಂಬರ್ ಕಣ್ಣೆದುರಿಗೇ ಇತ್ತು. ಫೋನ್ ಹೋಗುತ್ತಿರಲಿಲ್ಲ.

ಚೆಕ್‌ಪೋಸ್ಟ್‌ನಲ್ಲಿ ಸಮಯ ಬರೆದು ಕೊಟ್ಟ ಚೀಟಿ ನನ್ನ ಕೈಯಲ್ಲಿತ್ತು. ಇಂತಿಷ್ಟು ಹೊತ್ತಿನೊಳಗೆ ಕಾಡು ದಾಟಬೇಕು, ನಡುವೆ ನಿಲ್ಲಬಾರದು ಅಂತ ಹೇಳಿ ಕಳಿಸಿದ್ದರು. ಎರಡು ಕಾರುಗಳು ಬಂದವು. ಎರಡೂ ನಿಂತವು. ಜನ ಒಳ್ಳೆಯವರೇ. ಆದರೆ ಒಂದರಲ್ಲಿ ನಮ್ಮ ಹಾಗೇ ಬಾಟಲಿ ಮಾತ್ರ ಇತ್ತು. ಇನ್ನೊಂದರಲ್ಲಿ ಸ್ಟೆಪ್ನಿ ಇತ್ತು, ಅಳತೆ ಬೇರೆ. ಮುಂದಿನ ಚೆಕ್‌ಪೋಸ್ಟ್‌ನಲ್ಲಿ ತಿಳಿಸಿ ಅಂತ ಕೇಳಿಕೊಂಡೆ.

ಆಮೇಲೆ ಕಾರ್ಕಳದ ಕಡೆಯಿಂದ ಒಂದು ಪಿಕಪ್ ಬಂತು. ಕಳಸದ ಅಂಗಡಿಗಳಿಗೆ ದಿನಸಿ ತುಂಬಿಕೊಂಡು ಹೋಗುತ್ತಿದ್ದ ಗಾಡಿ. ಡ್ರೈವರ್ ಇಳಿದು ಟೈರ್ ನೋಡಿದ, ಡಿಕ್ಕಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಸ್ಟೆಪ್ನಿ ಇಲ್ದೆ ಘಾಟಿಗೆ ಬಂದ್ರಾ ಅಕ್ಕಾ? ನಾನಾದ್ರೆ ಚಪ್ಪಲಿ ಬಿಟ್ಟು ಬಂದೇನು, ಸ್ಟೆಪ್ನಿ ಬಿಟ್ಟು ಬರಲ್ಲ" ಅಂದ. ಅವನ ಗಾಡಿಯಲ್ಲಿ ಜ್ಯಾಕ್ ಇತ್ತು, ಸ್ಪ್ಯಾನರ್ ಇತ್ತು. ಅದೃಷ್ಟಕ್ಕೆ ಹತ್ತೊಂಬತ್ತರ ಸ್ಪ್ಯಾನರ್ ನಮ್ಮ ನಟ್‌ಗೆ ಸರಿಯಾಗಿ ಕೂತಿತು.

ಆದರೆ ಜ್ಯಾಕ್ ಎಲ್ಲಿ ಇಡಬೇಕು? ಎಲ್ಲೆಂದರಲ್ಲಿ ಕೊಟ್ಟು ಎತ್ತಿದರೆ ತಗಡು ಒಳಗೆ ಹೋಗುತ್ತದೆ, ಇಲ್ಲವೇ ಕಾರು ಜಾರುತ್ತದೆ. ಎಲ್ಲಿ ಕೊಡಬೇಕು ಅಂತ ಬಾಣ ಹಾಕಿ ತೋರಿಸುವ ಚಿತ್ರ ಯಾವ ಕಾರಿನ ಪುಸ್ತಕದಲ್ಲಾದರೂ ಇರುತ್ತದೆ. ನಮಗೆ ಬೇಕಾಗಿದ್ದದ್ದು ಆ ಒಂದು ಪುಟ. ಡ್ರೈವರ್ ರಸ್ತೆಯ ಮೇಲೆ ಅಂಗಾತ ಮಲಗಿ ಬಾಗಿಲಿನ ಕೆಳಗಿನ ಅಂಚಿನ ಉದ್ದಕ್ಕೂ ಬೆರಳಾಡಿಸಿದ. ಎರಡು ಸಣ್ಣ ಕಚ್ಚುಗಳು ಕೈಗೆ ಸಿಕ್ಕವು. "ಇವೆರಡರ ನಡುವೆ" ಅಂದ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ಬಿಚ್ಚಿದ. ಬಿಚ್ಚಿದ ಜಾಗದ ಕೆಳಗೆ ಮರದ ದಿಮ್ಮಿಯೊಂದನ್ನು ಸೇರಿಸಿ, ತನ್ನ ಜ್ಯಾಕನ್ನು ಅಲ್ಲೇ ಬಿಟ್ಟ. ಅಷ್ಟು ಹೊತ್ತಿಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬೈಕಿನಲ್ಲಿ ಬಂದರು. ನಾವು ವಾಪಸ್ ಬರುವ ತನಕ ಅಪ್ಪ, ಅಮ್ಮ, ಮಗನ ಜತೆ ಅಲ್ಲೇ ಇರುತ್ತೇನೆ ಅಂದರು. ನಾನು ಚಕ್ರದ ಜತೆ ಪಿಕಪ್ ಹತ್ತಿದೆ.

ದಾರಿಯುದ್ದಕ್ಕೂ ನನಗೆ ಅಪ್ಪನ ಚೇತಕ್ ಸ್ಕೂಟರೇ ನೆನಪಾಗುತ್ತಿತ್ತು. ಬೆನ್ನಿಗೆ ಸ್ಟೆಪ್ನಿ ಕಟ್ಟಿಕೊಂಡೇ ಹುಟ್ಟಿದ ಗಾಡಿ ಅದು. ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ ಒಂದೇ ಅಳತೆ. ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ರೆಕ್ಸಿನ್ ಚೀಲದಲ್ಲಿ ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್. ಜತೆಗೊಂದು ಪುಸ್ತಕ. ಅಪ್ಪ ಅದರ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಲೀಟರ್ ಪೆಟ್ರೋಲಿಗೆ ಎಷ್ಟು ಆಯಿಲ್, ಕ್ಲಚ್ ಕೇಬಲ್ ಬದಲಿಸಿದ ತಾರೀಕು, ಯಾವ ಅಂಗಡಿ, ಎಷ್ಟು ರೂಪಾಯಿ. ನನಗೆ ಹನ್ನೆರಡು ವರ್ಷವಾದಾಗ ಆ ಪುಸ್ತಕದ ಚಿತ್ರ ತೋರಿಸಿಯೇ ಚಕ್ರ ಬದಲಿಸುವುದನ್ನು ಕಲಿಸಿದರು. ಅಪ್ಪ ಸ್ಕೂಟರನ್ನು ಒಂದು ಕಡೆಗೆ ವಾಲಿಸಿ ಹಿಡಿದುಕೊಳ್ಳುತ್ತಿದ್ದರು, ನಾನು ನಟ್ ಬಿಚ್ಚುತ್ತಿದ್ದೆ. ಸ್ಕೂಟರ್ ಮಾರುವಾಗ ಪುಸ್ತಕವನ್ನೂ ಕೊಟ್ಟರು. ಕೊಂಡವರು ಗಾಡಿ ನೋಡುವುದಕ್ಕಿಂತ ಹೆಚ್ಚು ಹೊತ್ತು ಆ ಪುಸ್ತಕ ನೋಡಿದರು. ಆ್ಯಪ್‌ನ ಅಂಚಿನಲ್ಲಿ ಯಾರು ಏನು ಬರೆಯಲಿಕ್ಕೆ ಸಾಧ್ಯ? ಫೋನ್ ಬದಲಾದರೆ ಅದೂ ಹೋಯಿತು.

ಕಳಸದಲ್ಲಿ ಸಿಗ್ನಲ್ ಬಂತು. ತುರ್ತು ಸಹಾಯಕ್ಕೆ ಫೋನ್ ಮಾಡಿದೆ. ಗಾಡಿ ಕಳಿಸಲು ನಾಲ್ಕು ಗಂಟೆಯಾದರೂ ಬೇಕು ಅಂದರು. ಪಂಕ್ಚರ್ ಅಂಗಡಿಯಲ್ಲಿ ನಮ್ಮ ಅಳತೆಯ ಟೈರ್ ಇರಲಿಲ್ಲ. ಅಂಗಡಿಯಾತ ಸೀಳನ್ನು ಒತ್ತಿ ನೋಡಿದ. ಹಳೇ ಟೈರಿನ ತುಂಡೊಂದನ್ನು ಕತ್ತರಿಸಿ ಒಳಗಿನಿಂದ ಗೇಟರ್ ಅನ್ನುವ ತೇಪೆ ಕೊಟ್ಟ. ಅದರ ಮೇಲೆ ಟ್ಯೂಬ್ ಕೂರಿಸಿ ಗಾಳಿ ತುಂಬಿದ. ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್. "ನಲವತ್ತರ ಮೇಲೆ ಹೋಗಬೇಡಿ. ಕಾರ್ಕಳ ತಲುಪಿದ ಕೂಡಲೇ ಟೈರ್ ಬದಲಿಸಿ" ಅಂತ ಎರಡು ಸಲ ಹೇಳಿದ. ಅಷ್ಟರಲ್ಲಿ ಪಿಕಪ್‌ನ ದಿನಸಿ ಇಳಿದಿತ್ತು. ಅದೇ ಗಾಡಿಯಲ್ಲಿ ವಾಪಸ್ ಬಂದೆವು.

ಅಪ್ಪ ಬಂಡೆಯ ಮೇಲೆ ಕೂತು ಮೊಮ್ಮಗನಿಗೆ ಗಂಗಾಮೂಲದ ಕಥೆ ಹೇಳುತ್ತಿದ್ದರು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಗುಡ್ಡದ ಸಾಲಿನಲ್ಲಿ. ಅಮ್ಮ ಹೊರನಾಡಿನ ಪ್ರಸಾದವನ್ನು ಗಾರ್ಡ್‌ಗೆ ಕೊಟ್ಟು ತಾನು ಏನೂ ತಿನ್ನದೆ ಕಾಯುತ್ತಿದ್ದಳು. ಸಕ್ಕರೆ ಕಾಯಿಲೆಯವಳು. ಅವಳ ಮುಖ ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಡ್ರೈವರ್ ಡೀಸೆಲ್‌ಗೆ ಅಂತ ಐನೂರು ರೂಪಾಯಿ ಮಾತ್ರ ತಗೊಂಡ. ಜಾಸ್ತಿ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡ.

ಊರಿಗೆ ಬಂದ ಮೇಲೆ ಇದೆಲ್ಲ ಹೇಗಾಯಿತು ಅಂತ ಹುಡುಕಿ ಓದಿದೆ. 2020ರ ಜುಲೈನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ನಿಯಮ ತಿದ್ದಿದೆ. ಟ್ಯೂಬ್‌ಲೆಸ್ ಟೈರ್, ಗಾಳಿ ಇಳಿದರೆ ತಿಳಿಸುವ ವ್ಯವಸ್ಥೆ, ರಿಪೇರಿ ಕಿಟ್ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಜಾಗ ಉಳಿಯುತ್ತದೆ, ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿ ಇಡಬಹುದು ಅನ್ನುವುದು ಕಾರಣ. ನಮ್ಮದು ಪೆಟ್ರೋಲ್ ಕಾರು. ನಿಯಮ ಬೇಡ ಅಂದದ್ದು ಸ್ಟೆಪ್ನಿಯನ್ನು ಕಡ್ಡಾಯ ಮಾಡುವುದನ್ನು. ಕೊಡಲೇಬೇಡಿ ಅಂತ ಎಲ್ಲೂ ಹೇಳಿಲ್ಲ. ಬೇಕಾದವರಿಗೆ ಬೆಲೆ ಹಾಕಿಯಾದರೂ ಕೊಡಬಹುದಿತ್ತಲ್ವಾ?

ಸ್ಟೆಪ್ನಿ ಅನ್ನುವ ಹೆಸರಿನ ಕಥೆಯೂ ಸಿಕ್ಕಿತು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರ ಇರಲೇ ಇಲ್ಲ. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಅನ್ನುವ ಊರಿನಲ್ಲಿ ಡೇವಿಸ್ ಅನ್ನುವ ಅಣ್ಣತಮ್ಮಂದಿರು, ಪಂಕ್ಚರ್ ಆದ ಚಕ್ರಕ್ಕೆ ಬಿಗಿದು ಓಡಿಸಬಹುದಾದ ಕಡ್ಡಿಗಳಿಲ್ಲದ ಒಂದು ಚಕ್ರ ಮಾಡಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರು ನಮ್ಮ ಹಳ್ಳಿಯ ಲಾರಿ ಡ್ರೈವರುಗಳ ಬಾಯಿಯ ತನಕ ಬಂದು ಕೂತಿದೆ. ನಡುದಾರಿಯಲ್ಲಿ ಕೈಕಟ್ಟಿ ಕೂರಬೇಕಾದ ಕಷ್ಟವನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಯಾರೋ ಯೋಚನೆ ಮಾಡಿ ನೀಗಿಸಿದ್ದರು. ಅಪ್ಪನಿಗೆ ಇದನ್ನು ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಪುಸ್ತಕ ಬೇಕು ಅಂತ ಶೋರೂಮಿಗೆ ಬರೆದೆ. ಅಚ್ಚು ಮಾಡಿದ್ದು ಇಲ್ಲ, ಪಿಡಿಎಫ್ ಇಳಿಸಿಕೊಳ್ಳಿ ಅಂತ ಉತ್ತರ ಬಂತು. ಇಳಿಸಿಕೊಂಡೆ. ನಾನೂರಕ್ಕೂ ಹೆಚ್ಚು ಪುಟ, ಎಲ್ಲ ಇಂಗ್ಲಿಷ್. ಝೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಕಂಪನಿ ಉಳಿಸಿದ ಕಾಗದ ನನ್ನ ಮನೆಗೆ ಎರಡರಷ್ಟು ದಪ್ಪವಾಗಿ ಬಂತು. ಅಪ್ಪ ಹದಿನೈದು ದಿನ ಕೂತು ಓದಿದರು. ಲಾಳದ ದೀಪ ಬಿಡದೆ ಉರಿದರೆ ಗಾಳಿ ಕಡಿಮೆ, ಮಿಣುಕಿ ಆಮೇಲೆ ಉರಿದರೆ ವ್ಯವಸ್ಥೆಯಲ್ಲೇ ದೋಷ. ಇಂಥದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಜ್ಯಾಕ್ ಕೊಡುವ ಜಾಗದ ಚಿತ್ರಕ್ಕೆ ಸುತ್ತು ಹಾಕಿ, ಆ ಪುಟಕ್ಕೆ ಬಟ್ಟೆಯ ತುಂಡೊಂದನ್ನು ಅಂಟಿಸಿದರು, ಕತ್ತಲಲ್ಲೂ ಕೈಗೆ ಸಿಗಲಿ ಅಂತ.

ಗುಜರಿಯಲ್ಲಿ ನಮ್ಮ ಅಳತೆಯ ಕಬ್ಬಿಣದ ರಿಮ್ ಸಿಕ್ಕಿತು. ಅದಕ್ಕೆ ಟೈರ್ ಹಾಕಿಸಿದೆವು. ಜ್ಯಾಕ್, ಹತ್ತೊಂಬತ್ತರ ಸ್ಪ್ಯಾನರ್ ಕೊಂಡೆವು. ತಳದ ಹಲಗೆಯ ಕೆಳಗೆ ಚಕ್ರ ಹಿಡಿಸುವುದಿಲ್ಲ. ಡಿಕ್ಕಿಯೊಳಗೆ ಹಲಗೆಯ ಮೇಲೇ ಮಲಗಿಸಿ ಬೆಲ್ಟ್ ಬಿಗಿದಿದ್ದೇವೆ. ಈಗ ಊರಿಗೆ ಹೊರಟರೆ ಒಂದು ಬ್ಯಾಗ್ ಅಮ್ಮನ ಕಾಲ ಹತ್ತಿರ ಇರುತ್ತದೆ. ಅವಳು ಬೇಸರ ಮಾಡಿಕೊಳ್ಳುವುದಿಲ್ಲ. ಅಪ್ಪ ತಿಂಗಳಿಗೊಮ್ಮೆ ಪಂಕ್ಚರ್ ಅಂಗಡಿಗೆ ನನ್ನ ಜತೆ ಬರುತ್ತಾರೆ. ನಾಲ್ಕು ಚಕ್ರ ನೋಡಿಸಿ, ಐದನೆಯದನ್ನೂ ನೋಡಿಸಿ, ತಾರೀಕು ಮತ್ತು ಗಾಳಿ ಎಷ್ಟಿದೆ ಅನ್ನುವುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯುತ್ತಾರೆ. ಹೋದ ಸಲ ಪೆನ್ನನ್ನು ಮೊಮ್ಮಗನ ಕೈಗೆ ಕೊಟ್ಟರು.