ರೇಡಿಯೋ ಗುರ್ ಅಂದಾಗ

ನಮ್ಮ ತೋಟ ಇರುವುದು ತಿಪಟೂರಿನ ಕಡೆ. ತೆಂಗು ಜಾಸ್ತಿ, ನಡುವೆ ಒಂದಿಷ್ಟು ಅಡಿಕೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತದೆ. ರಾತ್ರಿ ಪಾಳಿ ಬಂದಾಗ ಅಪ್ಪ ಒಂದೂವರೆ, ಎರಡು ಗಂಟೆಗೆ ಎದ್ದು, ಟಾರ್ಚು, ಕೋಲು ಹಿಡಿದು ಹೊರಡುತ್ತಿದ್ದರು. ಮನೆಯಿಂದ ಪಂಪ್ ಮನೆಗೆ ಮುಕ್ಕಾಲು ಕಿಲೋಮೀಟರ್. ನಮ್ಮ ಸೀಮೆಯಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ.

ಆಟೋ ಸ್ಟಾರ್ಟರ್ ಹಾಕಿಸಿ ಅಂದರೆ ಅಪ್ಪನಿಗೆ ಆಗದು. ಕರೆಂಟು ಬಂದ ತಕ್ಷಣ ಊರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದು, ವೋಲ್ಟೇಜ್ ಕುಸಿದು, ಯಾವುದೂ ಸರಿಯಾಗಿ ತಿರುಗುವುದಿಲ್ಲ ಎಂಬುದು ಅವರ ವಾದ. ಹತ್ತು ನಿಮಿಷ ಬಿಟ್ಟು ಹಾಕಬೇಕಂತೆ. ವಾದ ಸರಿಯಾಗಿಯೇ ಇದೆ. ಅದು ಮುಂದೊಂದು ದಿನ ನನ್ನ ಕೆಲಸಕ್ಕೂ ಬರುತ್ತದೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ಮೊಬೈಲಿನಿಂದ ಮೋಟರ್ ಹಾಕುವ ಪೆಟ್ಟಿಗೆಗಳು ಅಂಗಡಿಯಲ್ಲೇ ಸಿಗುತ್ತವೆ. ತಗೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ನನ್ನ ಹತ್ತಿರ ಒಂದು ಆರ್ಡುಯಿನೋ ಊನೋ ಬೋರ್ಡು, ಅಂದರೆ ನಾವು ಬರೆದ ಪ್ರೋಗ್ರಾಮಿನಂತೆ ಕೆಲಸ ಮಾಡುವ ಪುಟ್ಟ ಕಂಪ್ಯೂಟರು, ಸುಮ್ನೆ ಬಿದ್ದಿತ್ತು. ಅದಕ್ಕೆ ಎಲ್‌ಇಡಿ ಮಿಣುಕಿಸಿ, ಗಿಡಕ್ಕೆ ನೀರು ಹಾಕಿಸಿ ಬೇಜಾರಾಗಿತ್ತು. ಅದಕ್ಕೊಂದು ಸಿಮ್ ಹಾಕಿ ಮಾತಾಡಿಸೋಣ ಅನ್ನಿಸಿತು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು ಸಿಮ್800ಎಲ್ ಮಾಡ್ಯೂಲ್ ತಂದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೇಲೊಂದು ಸ್ಪ್ರಿಂಗಿನಂಥ ಆಂಟೆನಾ, ಕೆಳಗೆ ಸಿಮ್ ಗೂಡು, ಒಂದು ಮಿಣುಕು ದೀಪ. ಒಳಗಿರುವುದು ಹಳೆಯ ಕೀಪ್ಯಾಡ್ ಫೋನಿನ ಕರುಳೇ.

ಮೊದಲು ನನ್ನ 4ಜಿ ಸಿಮ್ ಹಾಕಿದೆ. ಏನೂ ಆಗಲಿಲ್ಲ. ಈ ಮಾಡ್ಯೂಲಿಗೆ 2ಜಿ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ, ಆ ಸಿಮ್ಮಿನ ಕಂಪನಿಗೆ 2ಜಿಯೇ ಇಲ್ಲ. 2ಜಿ ಇನ್ನೂ ಇಟ್ಟುಕೊಂಡಿರುವ ಕಂಪನಿಯ ಸಿಮ್ ತಂದು ಹಾಕಿದ ಮೇಲೆ ಸರಿಹೋಯಿತು. (ಈಗ ಮಾಡುವವರು 4ಜಿ ಮಾಡ್ಯೂಲನ್ನೇ ತಗೊಳ್ಳಿ. ಸ್ವಲ್ಪ ದುಬಾರಿ, ಆದರೆ 2ಜಿ ಎಷ್ಟು ದಿನ ಇರುತ್ತದೋ ಯಾರಿಗೆ ಗೊತ್ತು.)

ಮಾತಾಡಿಸುವ ವಿಧಾನ ನನಗೆ ಬಹಳ ಹಿಡಿಸಿತು. ಆರ್ಡುಯಿನೋದಿಂದ ಎರಡು ತಂತಿಯಲ್ಲಿ ‘ಎಟಿ’ ಎಂದು ಕಳಿಸಿದರೆ ಅದು ‘ಓಕೆ’ ಅನ್ನುತ್ತದೆ. ಎಟಿ ಅಂದರೆ ಅಟೆನ್ಷನ್. ಏಯ್, ಇಲ್ಲಿ ಕೇಳು ಅಂದ ಹಾಗೆ. 1981ರಲ್ಲಿ ಹೇಯ್ಸ್ ಕಂಪನಿಯ ಟೆಲಿಫೋನ್ ಮೋಡೆಮ್ಮಿಗೆಂದು ಮಾಡಿದ ಭಾಷೆ ಇದು. ನಮ್ಮ ತೋಟದ ಮೋಟರಿನವರೆಗೂ ಬಂತು ನೋಡಿ! ‘ಎಟಿ+ಸಿಎಸ್‌ಕ್ಯೂ’ ಅಂದರೆ ಸಿಗ್ನಲ್ ಎಷ್ಟಿದೆ ಅಂತ 0ಯಿಂದ 31ರೊಳಗೆ ಅಂಕ ಕೊಡುತ್ತದೆ, ಸ್ಕೂಲಿನ ಟೆಸ್ಟಿನ ಹಾಗೆ.

ಅಪ್ಪನಿಗೆ ಮೆಸೇಜ್ ಟೈಪ್ ಮಾಡುವುದು ಬರುವುದಿಲ್ಲ. ಮಿಸ್ಡ್ ಕಾಲ್ ಕೊಡುವುದರಲ್ಲಿ ಮಾತ್ರ ಪಂಡಿತರು. ಹಾಗಾಗಿ ಲೆಕ್ಕ ಹೀಗೆ ಹಾಕಿದೆ. ಅಪ್ಪನ ನಂಬರಿನಿಂದ ರಿಂಗ್ ಬಂದರೆ ಮಾಡ್ಯೂಲ್ ಕಾಲ್ ಕಟ್ ಮಾಡುತ್ತದೆ, ಆರ್ಡುಯಿನೋ ಒಂದು ರಿಲೇಯನ್ನು (ಕರೆಂಟಿನಿಂದಲೇ ಒತ್ತುವ ಸ್ವಿಚ್ಚು) ಎರಡು ಸೆಕೆಂಡ್ ಒತ್ತುತ್ತದೆ. ಆ ರಿಲೇ ಸ್ಟಾರ್ಟರಿನ ಹಸಿರು ಬಟನ್ನಿಗೆ ಜೊತೆಯಾಗಿರುತ್ತದೆ. ಇನ್ನೊಮ್ಮೆ ರಿಂಗ್ ಬಂದರೆ ಎರಡನೇ ರಿಲೇ ಕೆಂಪು ಬಟನ್ನಿನ ದಾರಿ ಕತ್ತರಿಸುತ್ತದೆ. ಬೇರೆ ಯಾವ ನಂಬರ್ ಬಂದರೂ ಕಿವುಡು. ಮೋಟರ್ ಎದ್ದಿತೋ ಇಲ್ಲವೋ ಎಂದು ಉತ್ತರಕ್ಕೊಂದು ಮೆಸೇಜ್.

ಆ ಮೆಸೇಜ್ ಕನ್ನಡದಲ್ಲೇ ಇರಬೇಕು ಅಂತ ನನ್ನದೇ ಹಟ. ಎರಡು ಸಂಜೆ ಅದಕ್ಕೇ ಹೋಯಿತು. ಇಂಗ್ಲಿಷಾದರೆ ಇದ್ದಂತೆ ಕಳಿಸಬಹುದು, 160 ಅಕ್ಷರ ಹಿಡಿಯುತ್ತದೆ. ಕನ್ನಡವಾದರೆ ಪ್ರತಿಯೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಬಿಡಿಸಿ ಬರೆಯಬೇಕು, ಜಾಗವೂ 70ಕ್ಕೆ ಇಳಿಯುತ್ತದೆ. ‘ನೀರು’ ಎನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಮಾಡ್ಯೂಲಿಗೆ ಅದು ನ, ದೀರ್ಘದ ಗುಣಿತ, ರ, ಕೊಂಬು ಅಂತ ನಾಲ್ಕು. ಒಂದೊಂದಕ್ಕೆ ನಾಲ್ಕು ಅಂಕಿ, ಒಟ್ಟು ಹದಿನಾರು. ಕೂತು ಬಿಡಿಸಿದೆ. ಕೊನೆಗೂ ನನ್ನ ಫೋನಿಗೆ ‘ಮೋಟರ್ ಆನ್ ಆಗಿದೆ’ ಅಂತ ಬಂದಾಗ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ತೋರಿಸಿದೆ. ‘ಯಾವ ಮೋಟರ್?’ ಅಂದಳು.

ಬೆಂಗಳೂರಿನ ಮನೆಯಲ್ಲಿ ಎರಡು ವಾರ ಒಂದು ಸಲವೂ ಕೈಕೊಡಲಿಲ್ಲ. ಸಿಗ್ನಲ್ 23, 24 ಇರುತ್ತಿತ್ತು. ಶನಿವಾರ ಬೆಳಿಗ್ಗೆ ಊರಿಗೆ ಹೊರಟೆ.

ಪಂಪ್ ಮನೆ ಅಂದರೆ ಹತ್ತಡಿಗೆ ಎಂಟಡಿ ಗೋಡೆ, ಮೇಲೆ ಕಬ್ಬಿಣದ ಶೀಟು. ಸ್ಟಾರ್ಟರಿನ ಕೆಲಸಕ್ಕೆ ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದ್ದೆ. 415 ವೋಲ್ಟಿನ ಹತ್ತಿರ ನನ್ನ ಜಾಣತನ ತೋರಿಸುವ ಆಸೆ ಇರಲಿಲ್ಲ. ಅವರು ಅರ್ಧ ಗಂಟೆಯಲ್ಲಿ ರಿಲೇ ಕೂಡಿಸಿ, ಟೀ ಕುಡಿದು ಹೋದರು. ನಾನು ಸಿಮ್ ಹಾಕಿ ಕರೆಂಟು ಕೊಟ್ಟೆ. ದೀಪ ಸೆಕೆಂಡಿಗೊಮ್ಮೆ ಮಿಣುಕಿತು. ಟವರ್ ಹುಡುಕುತ್ತಿದೆ ಎಂದರ್ಥ. ಸಿಕ್ಕಿದ ಮೇಲೆ ಮೂರು ಸೆಕೆಂಡಿಗೊಮ್ಮೆ ಮಿಣುಕಬೇಕು. ನಾಲ್ಕೈದು ಸಲ ನಿಧಾನವಾಗಿ ಮಿಣುಕಿತು, ಆಮೇಲೆ ಆರಿತು. ಮತ್ತೆ ಸೆಕೆಂಡಿಗೊಮ್ಮೆ. ಲ್ಯಾಪ್‌ಟಾಪ್ ತೆರೆದು ನೋಡಿದರೆ ಪರದೆಯ ಮೇಲೆ ‘ಕಾಲ್ ರೆಡಿ’, ‘ಎಸ್ಸೆಮ್ಮೆಸ್ ರೆಡಿ’ ಅಂತ ಮತ್ತೆ ಮತ್ತೆ. ಅದು ಸತ್ತು ಹುಟ್ಟಿ, ಸತ್ತು ಹುಟ್ಟಿ ಮಾಡುತ್ತಿತ್ತು.

ನಾನು ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ತಪ್ಪೂ ಪ್ರೋಗ್ರಾಮಿನಲ್ಲೇ ಇರಬೇಕು ಅಂತ ನಂಬಿಕೊಂಡೆ. ಕಾಯುವ ಹೊತ್ತು ಹೆಚ್ಚಿಸಿದೆ, ವೇಗ ಇಳಿಸಿದೆ, ಕೊನೆಗೆ ಅರ್ಧ ಕೋಡ್ ಕಿತ್ತೇ ಹಾಕಿದೆ. ಮಧ್ಯಾಹ್ನ ಎರಡಾಯಿತು. ಅಪ್ಪ ಎರಡು ಸಲ ಊಟಕ್ಕೆ ಕರೆದರು. ಮಲ್ಟಿಮೀಟರ್ ಇಟ್ಟು ನೋಡಿದೆ, 4.0 ವೋಲ್ಟ್. ಈ ಮಾಡ್ಯೂಲಿಗೆ 3.4ರಿಂದ 4.4ರೊಳಗೆ ಇರಬೇಕು, ಇದೆ. ಅಂದಮೇಲೆ ಕರೆಂಟಿನದು ತಪ್ಪಿಲ್ಲ ಅಂತ ಆ ಬಾಗಿಲು ಮುಚ್ಚಿದೆ. ಅದೇ ದೊಡ್ಡ ತಪ್ಪು.

ಪಂಪ್ ಮನೆಯ ಕಿಟಕಿಯಲ್ಲಿ ಅಪ್ಪನ ರೇಡಿಯೋ ಇರುತ್ತದೆ. ಪೆನ್‌ಡ್ರೈವ್ ಹಾಕುವಂಥ, ಜಾತ್ರೆಯಲ್ಲೂ ಸಿಗುವ ಪುಟ್ಟ ಡಬ್ಬಿ. ಮೂರು ಗಂಟೆ ಹೊತ್ತಿಗೆ ಅಪ್ಪ ಬಂದು ಅದನ್ನು ಹಾಕಿಕೊಂಡು ಚೀಲದ ಮೇಲೆ ಕೂತರು. ಹಾಡು ಬರುತ್ತಿತ್ತು. ನಡುನಡುವೆ ಹಾಡಿನ ಮೇಲೆ ‘ಟಿಟ್ ಟಿಟಿಟ್ ಗುರ್‌ರ್’ ಅಂತ ಸದ್ದು. ಹಿಂದೆ ಟೀವಿ ಮೇಲೆ ಮೊಬೈಲ್ ಇಟ್ಟರೆ, ಫೋನ್ ರಿಂಗ್ ಆಗುವ ಮುಂಚೆಯೇ ಸ್ಪೀಕರ್ ಹಾಗೆ ಗೊಣಗುತ್ತಿತ್ತಲ್ಲ, ಅದೇ.

‘ಅದು ಗುರ್ ಅಂದಾಗಲೇ ನಿನ್ನ ದೀಪ ಆರೋದು, ನೋಡಿದೆಯಾ?’ ಅಂದರು ಅಪ್ಪ.

ನಾನು ನೋಡಿರಲಿಲ್ಲ. ನನ್ನ ಕಣ್ಣು ಲ್ಯಾಪ್‌ಟಾಪಿನಲ್ಲಿತ್ತು. ಇಬ್ಬರೂ ಕೂತು ನೋಡಿದೆವು. ಟಿಟ್ ಟಿಟಿಟ್, ಗುರ್‌ರ್, ದೀಪ ಆರಿತು. ಇನ್ನೊಂದು ಸಲ. ಮತ್ತೊಂದು ಸಲ.

‘ಮೋಟರ್ ಎತ್ತುವಾಗ ಬಲ್ಬು ಮಂಕಾಗಲ್ವಾ? ಹಂಗೇ ಇರಬೇಕು ಕಣೋ. ಏನೋ ಜೋರಾಗಿ ಎಳೀತಾ ಇದೆ.’

ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಸಿಗ್ನಲ್ ಎಷ್ಟು ಅಂತ ಮಾಡ್ಯೂಲನ್ನು ಕೇಳಿದೆ. 7. ಎಲ್ಲವೂ ಅಲ್ಲೇ ಇತ್ತು. 2ಜಿ ಫೋನು ಟವರಿನ ಜೊತೆ ಒಂದೇ ಸಮನೆ ಮಾತಾಡುವುದಿಲ್ಲ. ಒಂದೇ ಅಲೆಯನ್ನು ಎಂಟು ಜನ ಹಂಚಿಕೊಳ್ಳಬೇಕು. ತನ್ನ ಸರದಿ ಬಂದಾಗ ಸುಮಾರು 0.58 ಮಿಲಿಸೆಕೆಂಡ್ ಕೂಗಿ ಸುಮ್ಮನಾಗುತ್ತದೆ. ಇಂಥ ಕೂಗು ಸೆಕೆಂಡಿಗೆ ಸುಮಾರು 217. ರೇಡಿಯೋದಲ್ಲಿ ಗುರ್ ಅನ್ನುತ್ತಿದ್ದುದು ಆ 217. ಟವರ್ ಹತ್ತಿರವಿದ್ದರೆ ಮೆಲ್ಲಗೆ ಹೇಳಿದರೆ ಸಾಕು, ನೀನು ದನಿ ತಗ್ಗಿಸು ಅಂತ ಟವರೇ ಹೇಳುತ್ತದೆ. ಬೆಂಗಳೂರಿನಲ್ಲಿ ಆಗುತ್ತಿದ್ದುದು ಇದು. ಇಲ್ಲಿ ಟವರ್ ದೂರ, ಮೇಲೆ ಕಬ್ಬಿಣದ ಶೀಟು. ಬಡಪಾಯಿ ಮಾಡ್ಯೂಲ್ ಗಂಟಲು ಹರಿಯುವಂತೆ ಕೂಗುತ್ತಿತ್ತು. ಹಾಗೆ ಕೂಗುವ ಗಳಿಗೆಯಲ್ಲಿ ಅದಕ್ಕೆ 2 ಆಂಪಿಯರ್ ತನಕ ಬೇಕು.

ನಾನು ಕೊಟ್ಟಿದ್ದ ದಾರಿಯೋ, ಕೂದಲಿನಂಥ ಜಂಪರ್ ತಂತಿ, ಅದೂ ಬೆಸುಗೆ ಇಲ್ಲದೆ ತಂತಿ ಚುಚ್ಚುವ ಬ್ರೆಡ್‌ಬೋರ್ಡಿನ ಸಡಿಲ ತೂತಿನ ಮೂಲಕ. ಹೋಗುವ ತಂತಿ, ಬರುವ ತಂತಿ ಸೇರಿ 0.4 ಓಮ್ ಅಂತ ಇಟ್ಟುಕೊಂಡರೂ 2 ಆಂಪಿಯರಿಗೆ 0.8 ವೋಲ್ಟ್ ದಾರಿಯಲ್ಲೇ ಹೋಯಿತು. 4.0ರಲ್ಲಿ ಕಳೆದರೆ 3.2. ಸಾಯದೆ ಏನು ಮಾಡುತ್ತದೆ? ಮತ್ತೆ ಮೀಟರ್ ಯಾಕೆ 4.0 ತೋರಿಸಿತು? ಅದು ಸುಳ್ಳು ಹೇಳಲಿಲ್ಲ, ನಿಧಾನ ಅಷ್ಟೇ. ಮಿಲಿಸೆಕೆಂಡಿನೊಳಗೆ ಬಿದ್ದು ಎದ್ದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಕರೆಂಟು ಕೂಡಿಟ್ಟುಕೊಂಡು ಬೇಕಾದ ಗಳಿಗೆಯಲ್ಲಿ ಥಟ್ಟನೆ ಕೊಡುವ ದೊಡ್ಡ ಕೆಪಾಸಿಟರ್ ಒಂದಿದ್ದರೆ ಮಾಡ್ಯೂಲಿನ ಪಕ್ಕದಲ್ಲೇ ಇಟ್ಟು ಅವತ್ತೇ ನೋಡಬಹುದಿತ್ತು. ತಂದಿರಲಿಲ್ಲ. ಶನಿವಾರ ಸಂಜೆ ತಿಪಟೂರಿಗೆ ಹೋಗಿ ಹುಡುಕುವುದಾ ಅಂತ ಯೋಚಿಸುತ್ತಿದ್ದಾಗ ರೇಡಿಯೋ ಕಡೆ ಕಣ್ಣು ಹೋಯಿತು. ಹಿಂದಿನ ಮುಚ್ಚಳ ತೆಗೆದೆ. ಒಳಗೆ ಬಿಎಲ್-5ಸಿ ಬ್ಯಾಟರಿ, ಹಳೆಯ ನೋಕಿಯಾ ಕೀಪ್ಯಾಡ್ ಫೋನುಗಳಲ್ಲಿ ಇರುತ್ತಿದ್ದುದು. 3.7 ವೋಲ್ಟ್, ತುಂಬಿದಾಗ 4.2. ಇಂಥ ಕೂಗನ್ನೇ ಸಾಕಲು ಹುಟ್ಟಿದ್ದು! ಅಪ್ಪನಿಗೆ ಹೇಳಿ ಕಿತ್ತೆ. ದಪ್ಪ ತಂತಿಯ ಎರಡು ಗೇಣುದ್ದದ ತುಂಡು ಸುಲಿದು ಬ್ಯಾಟರಿಯಿಂದ ನೇರ ಮಾಡ್ಯೂಲಿಗೆ ಕೊಟ್ಟೆ.

ಈಗ ದೀಪ ಮಿಣುಕಿತು, ಆದರೆ ‘ಎಟಿ’ಗೆ ಉತ್ತರವೇ ಇಲ್ಲ. ಆರ್ಡುಯಿನೋದ ಗ್ರೌಂಡನ್ನು ಬ್ಯಾಟರಿಯ ಮೈನಸ್ಸಿಗೆ ಸೇರಿಸಿರಲಿಲ್ಲ. ಇಪ್ಪತ್ತು ನಿಮಿಷ ಅದಕ್ಕೆ ದಂಡ. ಅದನ್ನೂ ಸೇರಿಸಿದೆ. ಮೂರು ಸೆಕೆಂಡಿಗೊಮ್ಮೆ. ಮೂರು ಸೆಕೆಂಡಿಗೊಮ್ಮೆ. ಐದು ನಿಮಿಷ ಆದರೂ ಆರಲಿಲ್ಲ.

ತ್ರೀ ಫೇಸ್ ಬರುವುದು ರಾತ್ರಿಗೇ. ಹನ್ನೊಂದೂಕಾಲಿಗೆ ಬಂತು. ಅಪ್ಪ ತಮ್ಮ ಲೆಕ್ಕದ ಹತ್ತು ನಿಮಿಷ ಬಿಟ್ಟೇ ಫೋನ್ ತೆಗೆದರು. ನಾನು ಪಂಪ್ ಮನೆ ಬಾಗಿಲಲ್ಲಿ, ಅವರು ಮನೆಯ ಜಗಲಿಯಲ್ಲಿ. ರಿಲೇ ಟಕ್ ಅಂದಿತು, ಸ್ಟಾರ್ಟರ್ ಧಡ್ ಅಂದಿತು, ತೊಟ್ಟಿಗೆ ನೀರು ಬಿತ್ತು. ಎರಡು ನಿಮಿಷಕ್ಕೆ ಅಪ್ಪ ನನಗೆ ಫೋನ್ ಮಾಡಿದರು. ‘ಮೆಸೇಜ್ ಬಂತು. ಮೋಟರ್ ಅಂತ ಬರೆದಿದ್ದೀಯ, ಮೋಟಾರ್ ಅಲ್ವೇನೋ?’

ಆಮೇಲೆ ಎರಡು ಸಲ ಊರಿಗೆ ಹೋಗಿ ಅದನ್ನು ಸರಿಯಾಗಿ ಕಟ್ಟಿದೆ. ದೊಡ್ಡ ಲಿಥಿಯಂ ಸೆಲ್, 2200 ಮೈಕ್ರೋಫ್ಯಾರಡ್ ಕೆಪಾಸಿಟರ್, ಶೀಟಿನ ಹೊರಗೆ ಆಂಟೆನಾ. ಸಿಗ್ನಲ್ ಈಗ 14. ಊನೋ ತೆಗೆದು, 3.3 ವೋಲ್ಟಿನಲ್ಲಿ ಓಡುವ ಪುಟ್ಟ ಆರ್ಡುಯಿನೋ ಪ್ರೋ ಮಿನಿ ಬೋರ್ಡು ಹಾಕಿದೆ. ಬ್ಯಾಟರಿ ಇರುವುದರಿಂದ ಕರೆಂಟು ಇಲ್ಲದಾಗಲೂ ಪೆಟ್ಟಿಗೆ ಎಚ್ಚರವಾಗಿರುತ್ತದೆ. ಹಾಗಾಗಿ ತ್ರೀ ಫೇಸ್ ಬಂದ ಕೂಡಲೇ ಅದೇ ಅಪ್ಪನಿಗೆ ರಿಂಗ್ ಕೊಡುತ್ತದೆ.

ರೇಡಿಯೋಗೆ ಹೊಸ ಬ್ಯಾಟರಿ ತಂದುಕೊಟ್ಟೆ. ಅಪ್ಪ ಅದನ್ನು ಈಗ ಕಿಟಕಿಯಲ್ಲಿ ಇಡುವುದಿಲ್ಲ, ಪೆಟ್ಟಿಗೆಯ ಪಕ್ಕದಲ್ಲೇ ಇಡುತ್ತಾರೆ. ಹೋದ ತಿಂಗಳು ಬೆಳಿಗ್ಗೆ ಏಳಕ್ಕೆ ಫೋನ್ ಬಂತು.

‘ತೋಟದಲ್ಲಿ ನಿಂತು ರಿಂಗ್ ಕೊಟ್ಟೆ. ರೇಡಿಯೋ ಗುರ್ ಅನ್ನಲಿಲ್ಲ. ಸಿಮ್ಮಿಗೆ ಕರೆನ್ಸಿ ಹಾಕಿದ್ದೀಯಾ?’

ಹಾಕಿರಲಿಲ್ಲ. ವ್ಯಾಲಿಡಿಟಿ ಮುಗಿದು ಇನ್‌ಕಮಿಂಗೂ ನಿಂತಿತ್ತು.