ಲ್ಯಾಂಪ್ರೇ, ಹ್ಯಾಗ್‌ಫಿಶ್ ಮೈಟೊಕಾಂಡ್ರಿಯಾ ಡಿಎನ್‌ಎ: ಇಲ್ಲಿವರೆಗೆ ಆಗಿರೋ ಕೆಲಸ

ದವಡೆ ಇಲ್ಲದ ಮೀನುಗಳಲ್ಲಿ ಈಗ ಉಳಿದಿರೋದು ಎರಡೇ ಗುಂಪು, ಲ್ಯಾಂಪ್ರೇ ಮತ್ತೆ ಹ್ಯಾಗ್‌ಫಿಶ್. ಇವೆರಡು ಒಂದೇ ಕವಲಿನವಾ, ಇಲ್ಲಾ ಲ್ಯಾಂಪ್ರೇ ದವಡೆ ಇರೋ ನಮ್ಮ ಕಡೆಗೆ ಹತ್ತಿರಾನಾ? ನಾನು ಇವುಗಳ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡೋ ಭಾಗ) ಡಿಎನ್‌ಎ ಇಟ್ಕೊಂಡು ಟ್ರೀ, ಅಂದ್ರೆ ಯಾವುದು ಯಾವುದಕ್ಕೆ ಹತ್ತಿರ ಅಂತ ತೋರ್ಸೋ ವಂಶವೃಕ್ಷ, ಕಟ್ಟಿ ನೋಡ್ತಿರೋದು ಇದನ್ನೇ. ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಎಲ್ಲಾ ಜೆನ್‌ಬ್ಯಾಂಕ್ ಅನ್ನೋ ಆನ್‌ಲೈನ್ ಡೇಟಾಬೇಸಲ್ಲಿ ಫ್ರೀಯಾಗಿ ಸಿಗುತ್ತೆ, ಇಷ್ಟು ಚಿಕ್ಕ ಜೀನೋಮಿಗೆ ಮನೆ ಲ್ಯಾಪ್‌ಟಾಪೇ ಸಾಕು.

ಮೊದಲು ಇಳಿಸ್ಕೊಂಡಿದ್ದು ಸೀ ಲ್ಯಾಂಪ್ರೇದು, 1995ರಲ್ಲಿ ಲೀ ಮತ್ತೆ ಕೋಚರ್ ಪ್ರಕಟಿಸಿದ್ದು, 16,201 ಬೇಸ್ ಪೇರ್ (ಡಿಎನ್‌ಎ ಅಕ್ಷರದ ಜೋಡಿ). ಮನುಷ್ಯರದ್ದು 16,569. 13 ಪ್ರೋಟೀನ್ ಜೀನ್, ಪ್ರೋಟೀನ್ ಕಟ್ಟೋಕೆ ನೆರವಾಗೋ 2 ಆರ್‌ಆರ್‌ಎನ್‌ಎ, 22 ಟಿಆರ್‌ಎನ್‌ಎ ಜೀನ್, ಲೆಕ್ಕ ನಮ್ಮದೇ, ಪ್ರೋಟೀನ್ ಜೀನ್‌ಗಳು ಕೂತಿರೋ ಸಾಲೂ ಹೆಚ್ಚುಕಮ್ಮಿ ಅದೇ. ಸುಮಾರು 50 ಕೋಟಿ ವರ್ಷದ ಹಿಂದೆ ಬೇರೆಯಾದ ಪ್ರಾಣಿ ಇದು, ಎರಡು ಮ್ಯಾಪ್ ಪಕ್ಕಪಕ್ಕ ಇಟ್ಟು ನೋಡ್ದಾಗ ನಿಜವಾಗ್ಲೂ ರೋಮಾಂಚನ ಆಯ್ತು. ಫರಕು ಇರೋದು ಯಾವ ಜೀನೂ ಇಲ್ಲದ, ಕೋಡ್ ಮಾಡದ ಜಾಗದಲ್ಲಿ. ಅದು ಎರಡು ತುಂಡಾಗಿದೆ, ನಡುವೆ ಎರಡು ಟಿಆರ್‌ಎನ್‌ಎ. ನಮ್ಮಲ್ಲಿ ಡಿಎನ್‌ಎಯ ಎರಡನೇ ಎಳೆ ಕಾಪಿ ಆಗೋಕೆ ಶುರುವಾಗೋದು ಐದು ಟಿಆರ್‌ಎನ್‌ಎ ಗುಂಪಿನ ಮಧ್ಯದ ಒಂದು ಸಣ್ಣ ತುಣುಕಲ್ಲಿ, ಲ್ಯಾಂಪ್ರೇಲಿ ಆ ತುಣುಕೇ ಇಲ್ಲ.

ಕಷ್ಟ ಇರೋದು ಹ್ಯಾಗ್‌ಫಿಶ್ ಕಡೆ. ಅದರ ಸೀಕ್ವೆನ್ಸ್ ತುಂಬಾ ಬದಲಾಗಿಬಿಟ್ಟಿದೆ, ಹಂಗಾಗಿ ಟ್ರೀಲಿ ಅದರ ಕೊಂಬೆ ಉದ್ದ, ಉದ್ದ ಕೊಂಬೆಗಳು ಸಂಬಂಧ ಇಲ್ಲದಿದ್ರೂ ಒಂದನ್ನೊಂದು ಎಳ್ಕೊಂಡು ಹೊರಗುಂಪಿನ (ಹೋಲಿಸೋಕೆ ಅಂತ ಸೇರಿಸೋ ದೂರದ ಪ್ರಾಣಿ) ಹತ್ರ ಹೋಗಿ ಕೂತ್ಕೊಳ್ತವೆ. 1998ರಲ್ಲಿ ಅಟ್ಲಾಂಟಿಕ್ ಹ್ಯಾಗ್‌ಫಿಶ್ ಒಂದನ್ನೇ ಇಟ್ಕೊಂಡು ಮಾಡಿದ ಕೆಲಸದಲ್ಲಿ ಲ್ಯಾಂಪ್ರೇ, ಹ್ಯಾಗ್‌ಫಿಶ್ ಬೇರೆಬೇರೆ ಅಂತ ಬಂತು. 2002ರಲ್ಲಿ ಜಪಾನ್ ಕಡಲಿನ ಎಪ್ಟಾಟ್ರೀಟಸ್ ಬರ್ಗೆರಿ ಅನ್ನೋ ಹ್ಯಾಗ್‌ಫಿಶ್ (17,168 ಬೇಸ್ ಪೇರ್) ಸೇರಿಸಿದ್ಮೇಲೆ ಲ್ಯಾಂಪ್ರೇ, ಹ್ಯಾಗ್‌ಫಿಶ್ ಎರಡೂ ಒಂದೇ ಕವಲು ಅಂತಾಯ್ತು. ಅದಕ್ಕೇ ನಾನು ಎರಡೂ ಹ್ಯಾಗ್‌ಫಿಶ್ ಹಾಕಿದೀನಿ. ನನ್ನ ಪ್ರಕಾರ ಇಲ್ಲಿ ಜೀನ್ ಜಾಸ್ತಿ ಮಾಡೋದಕ್ಕಿಂತ ಆ ಉದ್ದ ಕೊಂಬೆನ ಮಧ್ಯೆ ಮುರಿಯೋ ಇನ್ನೊಂದು ಜಾತಿ ಸೇರಿಸೋದೇ ಮುಖ್ಯ.

ಹೊರಗುಂಪಿಗೆ ಆಂಫಿಯಾಕ್ಸಸ್, ಬೆನ್ನುಮೂಳೆ ಇಲ್ಲದ ಮೀನಿನಂಥ ಚಿಕ್ಕ ಕಡಲ ಪ್ರಾಣಿ. ಇದನ್ನ ಬಳಸೋರು ಒಂದು ನೋಡ್ಕೊಳ್ಳಿ, ಕಶೇರುಕಗಳಿಗೆ (ಬೆನ್ನುಮೂಳೆ ಇರೋವು) ಕೋಡ್ ಟೇಬಲ್ (ಡಿಎನ್‌ಎ ಅಕ್ಷರನ ಅಮೈನೋ ಆಮ್ಲವಾಗಿ ಓದೋ ಪಟ್ಟಿ) 2, ಇದಕ್ಕೆ 5, ಯಾಕಂದ್ರೆ ನಮ್ಮಲ್ಲಿ ಸ್ಟಾಪ್ ಅಂತ ಓದೋ ಎಜಿಎ ಅನ್ನೋ ಮೂರಕ್ಷರ ಇದರಲ್ಲಿ ಸೆರೀನ್ ಅನ್ನೋ ಅಮೈನೋ ಆಮ್ಲ.

ಅಲೈನ್‌ಮೆಂಟ್ (ಸೀಕ್ವೆನ್ಸ್‌ಗಳನ್ನ ಒಂದಕ್ಕೊಂದು ಹೊಂದಿಸಿ ಇಡೋದು) ಮ್ಯಾಫ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಮುಗೀತು. ಕೋಡಾನಿನ (ಒಂದು ಅಮೈನೋ ಆಮ್ಲ ಸೂಚಿಸೋ ಮೂರಕ್ಷರ) ಮೂರನೇ ಅಕ್ಷರ ಇಷ್ಟು ದೂರದ ಸಂಬಂಧಕ್ಕೆ ನಂಬೋ ಹಾಗಿಲ್ಲ, ಅದಕ್ಕೇ ಅಮೈನೋ ಆಮ್ಲದ ಸೀಕ್ವೆನ್ಸನ್ನೇ ಟ್ರೀ ಕಟ್ಟೋ ಐಕ್ಯೂ-ಟ್ರೀ ಪ್ರೋಗ್ರಾಂಗೆ ಕೊಟ್ಟಿದೀನಿ, ಓಡ್ತಾ ಇದೆ. ಅದಾದ್ಮೇಲೆ ಆಂಫಿಯಾಕ್ಸಸ್ ತೆಗೆದು ಇನ್ನೊಂದ್ಸಲ ಓಡಿಸಿ, ಒಳಗಿನ ಕೊಂಬೆಗಳು ಅಲ್ಲೇ ನಿಲ್ತವಾ ನೋಡ್ತೀನಿ.